ಬೇಬಿಯ ಕಾರ್ಡಿನ ಮೇಲೆ ನನ್ನ ಸಹಿ

ಕ್ರೋಂಪೇಟೆ, ಚೆನ್ನೈ
14 ನವೆಂಬರ್ 2007, ಬುಧವಾರ

ಪ್ರೀತಿಯ ದಾಕ್ಷಿ,

ಎರಡು ಕಾಗದಕ್ಕೂ ಉತ್ತರ ಕೊಡದವಳು ಈಗ ಯಾವ ಮುಖ ಇಟ್ಟುಕೊಂಡು ಬರೆಯುತ್ತಿದ್ದಾಳೆ ಎಂದು ಬೈಯುತ್ತೀಯ. ಬೈ, ಬೈಸಿಕೊಳ್ಳಬೇಕು ಅನ್ನಿಸಿದೆ. ನಿನ್ನ ಮೊಣಕಾಲು ಹೇಗಿದೆ? ಮಹಿಳಾ ಸಂಘದ ಆಫೀಸಿನ ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು. ಇಲ್ಲಿ ತೇಜುವಿನ ಅಪ್ಪ ಚೆನ್ನಾಗಿದ್ದಾರೆ, ಚರ್ಮದ ಕಾರ್ಖಾನೆಯ ವಾಸನೆ ಮಾತ್ರ ಅವರ ಅಂಗಿ ಬಿಟ್ಟು ಹೋಗುವುದಿಲ್ಲ. ತೇಜುಗೆ ನಿನ್ನ ಕಾಗದ ಓದು ಮಗನೇ ಎಂದರೆ "ಪೋಮ್ಮಾ" ಅನ್ನುತ್ತಾನೆ. ಕನ್ನಡ ಅವನ ಕಿವಿಯಲ್ಲಿದೆ, ಬಾಯಿಗೆ ಬರುವುದಿಲ್ಲ.

ಫೋನ್ ಮಾಡಬಹುದಿತ್ತು. ನಾಲಿಗೆ ಏಳಲಿಲ್ಲ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ನಾಳೆ ಆಗಬೇಕಾದದ್ದು ಆಗಿ ಮುಗಿದಿರುತ್ತದೆ.

ನಾನು ನರ್ಸ್ ಆಗಿರುವುದು ಚರ್ಮದ ಆಸ್ಪತ್ರೆಯಲ್ಲಿ ಎಂದು ನಿನಗೆ ಹೇಳಿದ್ದೆ. ನಾಚಿಕೆಯಿಂದ ಅಷ್ಟೇ ಹೇಳಿದ್ದೆ. ಅದು ಮುಖದ ಗೆರೆಗಳಿಗೆ ಸೂಜಿಯಿಂದ ಮದ್ದು ತುಂಬಿ ವಯಸ್ಸು ಮುಚ್ಚುವ ಜಾಗ. ನಮ್ಮೂರ ಸರಕಾರಿ ಆಸ್ಪತ್ರೆಯ ಗೋಡೆ ನೆನಪಿದೆಯಾ? ಆಪರೇಷನ್ ಕ್ಯಾಂಪಿನಲ್ಲಿ ಮತ್ತಿನ ಮದ್ದು ಹತ್ತದೆ ಕೂಗಿಕೊಂಡ ಹೆಂಗಸರಿಗೆ "ತಡಕೋ" ಎಂದು ಗದರಿದರಲ್ಲ, ಅದಕ್ಕೆ ನಾವಿಬ್ಬರೂ ಕೆಮ್ಮಣ್ಣಿನಲ್ಲಿ "ತಡಕೊಂಡದ್ದು ಸಾಕು" ಎಂದು ಆಳೆತ್ತರ ಬರೆದೆವಲ್ಲ. ಆ ಕೈಯೇ ಈಗ ಈ ಸೂಜಿ ಹಿಡಿದಿದೆ.

ನಮ್ಮ ಡಾಕ್ಟರ್ ಜಯಲಕ್ಷ್ಮೀ ಮೈಸೂರಿನವರು. ದೊಡ್ಡ ಮನೆಯ ಹೆಂಗಸರು ಬಂದರೆ ಅವರೇ ಸೂಜಿ ಹಾಕುತ್ತಾರೆ. ಅಂಗಡಿಯವರು, ಆಫೀಸಿನವರು ನನ್ನ ಪಾಲು. ಸೂಜಿಯ ಡಬ್ಬಿಯ ಮೇಲಿನ ಚೀಟಿ ಕಿತ್ತು ರೋಗಿಯ ಕಾರ್ಡಿಗೆ ಅಂಟಿಸಿ, ಪಕ್ಕದಲ್ಲಿ ಹಾಕಿದವರು ಸಹಿ ಮಾಡಬೇಕು. ನಾನು ಹಾಕಿದರೆ ಆ ಜಾಗ ಖಾಲಿ ಬಿಡಬೇಕು, ಸಂಜೆ ಡಾಕ್ಟರು ಕೂತು ಎಲ್ಲದಕ್ಕೂ ತಮ್ಮ ಸಹಿ ಎಳೆಯುತ್ತಾರೆ. ಕಾರಣ ವಿಮೆ. ಸೂಜಿಯಿಂದ ಕೆಡುಕಾದರೆ ರೋಗಿಗೆ ಪರಿಹಾರ ಕೊಡುವ ವಿಮೆ ಅದು, ಡಾಕ್ಟರ ಹೆಸರಿನಲ್ಲಿ ಮಾತ್ರ ಇದೆ. ಇನ್ನು ಯಾರು ಸೂಜಿ ಹಾಕುತ್ತಾರೆ ಎಂದು ಅರ್ಜಿಯಲ್ಲಿ ಕೇಳಿದ್ದರು. ನನ್ನ ಹೆಸರು ಬರೆದಿದ್ದರೆ ಕಂತು ಏರುತ್ತಿತ್ತು. "ಯಾರೂ ಇಲ್ಲ" ಎಂದು ಬರೆದರು. ದಾಕ್ಷಿ, ನಾಲ್ಕು ವರ್ಷದಿಂದ ಆ ಯಾರೂ ಇಲ್ಲ ನಾನೇ.

ಬೇಬಿ ಕಾಸಿಮೇಡಿನವಳು. ಅವಳವ್ವ ಮೀನಿನ ಹರಾಜಿನಲ್ಲಿ ಕೂಗಿ ಕೂಗಿ ಮಗಳನ್ನು ಓದಿಸಿದಳು. ಮಗಳಿಗೆ ಸೀರೆ ಅಂಗಡಿಯಲ್ಲಿ ಕೆಲಸ, ಹನ್ನೆರಡು ವರ್ಷ ಮುಂದಿನ ರೇಷ್ಮೆ ಸೀರೆ ವಿಭಾಗದಲ್ಲಿ ನಿಂತವಳು. ದೀಪಾವಳಿ ಹತ್ತಿರ ಬರುತ್ತಿದ್ದ ಹಾಗೆ ಮೇನೇಜರು, ಮುಖ ಬಾಡಿದೆ, ಹಿಂದೆ ಲಂಗದ ಬಟ್ಟೆ ವಿಭಾಗಕ್ಕೆ ಹೋಗು ಎಂದನಂತೆ. ಮೂವತ್ತೆಂಟು ವರ್ಷಕ್ಕೆ ಮೂಗಿನಿಂದ ಬಾಯಿಯವರೆಗೆ ಎರಡು ಗೆರೆ ಬಿದ್ದದ್ದು ಅಪರಾಧ. ಆ ಗೆರೆ ಬಿದ್ದದ್ದಾದರೂ ಹೇಗೆ? ಗಿರಾಕಿಗಳಿಗೆ ನಕ್ಕು ನಕ್ಕು! ಓಲೆ ಮಾರಿ ನಮ್ಮಲ್ಲಿಗೆ ಬಂದಳು.

ಅವತ್ತು ಡಾಕ್ಟರು ಹೋಟೆಲೊಂದರಲ್ಲಿ ಬೇರೆ ಡಾಕ್ಟರುಗಳಿಗೆ ಪಾಠ ಮಾಡಲು ಹೋಗಿದ್ದರು. ನಾನೇ ಹಾಕಿದೆ. ಕಾರ್ಡಿನ ಖಾಲಿ ಜಾಗ ನೋಡಿ ನನಗೆ ಹಳೇ ಸಿಟ್ಟು ಬಂತು. ಕೆಲಸ ಮಾಡಿದ ಕೈಗೆ ಹೆಸರಿಲ್ಲವಾ ಎಂದು ಕನ್ನಡದಲ್ಲಿ ದುಂಡಗೆ ಒಂದು "ರ" ಬರೆದೆ. ರತ್ನಾವತಿಯ ರ. ನಾಲ್ಕು ವರ್ಷದಲ್ಲಿ ಒಂದೇ ಸಲ. ಜಾಗ ಖಾಲಿ ಇಲ್ಲದ್ದರಿಂದ ಆಗ ಅದು ಡಾಕ್ಟರ ಕಣ್ಣಿಗೆ ಬೀಳಲಿಲ್ಲ.

ಮೂರನೇ ದಿನಕ್ಕೆ ಬೇಬಿಯ ಮೂಗಿನ ಹೊಳ್ಳೆ ಕಪ್ಪಗಾಯಿತು. ಮದ್ದು ರಕ್ತನಾಳಕ್ಕೆ ಹೋಗಿತ್ತು. ಹೊಳ್ಳೆಯ ಅಂಚು ಸತ್ತು ಉದುರಿದೆ. ಕಿವಿಯ ಹಿಂದಿನ ಚರ್ಮ ತೆಗೆದು ಕಟ್ಟಬೇಕು ಎನ್ನುತ್ತಾರೆ, ಅದೂ ಎರಡು ಸಲ. ಅಂಗಡಿಯಲ್ಲಿ ಈಗ ಹಿಂದಿನ ವಿಭಾಗವೂ ಇಲ್ಲ ಅವಳಿಗೆ.

ನಾಳೆ ಹನ್ನೊಂದಕ್ಕೆ ವಿಮೆಯವರು ಬರುತ್ತಾರೆ. ಡಾಕ್ಟರು ಕಾರ್ಡ್ ತೆಗೆದು ನೋಡಿ ಮೊದಲು ಬೆವೆತರು, ಆಮೇಲೆ ನಕ್ಕರು.

"ಇದೇನ್ ರತ್ನಾ, ಕನ್ನಡದಲ್ಲಿ ಸುತ್ತಿಟ್ಟಿದೀರಾ? ಒಳ್ಳೇದೇ ಆಯ್ತು ಬಿಡಿ. ಈ ಊರಲ್ಲಿ ಯಾರಿಗ್ರೀ ಓದಕ್ಕೆ ಬರುತ್ತೆ? ನನ್ನ ಸಹೀನೇ ಅಂತೀನಿ. ನೀವು ತಲೆ ಆಡಿಸಿದ್ರೆ ಸಾಕು."

ಆಡಿಸುವುದಿಲ್ಲ, ನನ್ನ ಕೈ ಕೆಲಸ, ನನ್ನ ಅಕ್ಷರ ಎಂದೆ. ಆಗಲಿ, ಆಗ ಬೇಬಿಗೆ ಕಂಪನಿ ಕೊಡುವುದು ಚೊಂಬು ಎಂದು ಅವರು ಎದ್ದು ಹೋದರು.

ಬೇಬಿಯೂ ಬಂದಿದ್ದಳು, ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡು. ಸತ್ಯ ಹೇಳಿ ನನ್ನನ್ನು ಹಾಳು ಮಾಡಬೇಡಿ ಎಂದು ತಮಿಳಿನಲ್ಲಿ ಬೇಡಿಕೊಂಡಳು. ನಿನ್ನ ಹತ್ತಿರ ಇದಕ್ಕೆ ಏನಾದರೂ ಘೋಷಣೆ ಇದೆಯಾ, ದಾಕ್ಷಿ? ನಾನು ಬಾಯಿ ಬಿಟ್ಟರೆ ವಿಮೆ ಬಿದ್ದುಹೋಗುತ್ತದೆ. ಡಾಕ್ಟರು ವಕೀಲರನ್ನು ಹಿಡಿದು ಪಾರಾಗುತ್ತಾರೆ. ಸತ್ಯದ ದಂಡ ಕಟ್ಟುವವಳು ಮೂಗು ಕಳಕೊಂಡವಳು.

ತಲೆ ಆಡಿಸೋಣ ಎಂದುಕೊಂಡೆ. ಅಷ್ಟರಲ್ಲಿ ಬರುವ ಅಧಿಕಾರಿಯ ಹೆಸರು ತಿಳಿಯಿತು. ವಿ. ಅಂದಾನಿ. ಬಾಂಬೆ ಕಡೆಯವರಿರಬೇಕು ಎಂದರು ಡಾಕ್ಟರು. ನಮ್ಮ ಗದಗಿನ ಕಡೆ ಓಣಿಗೊಬ್ಬ ಅಂದಾನಿ ಇದ್ದಾನೆ ಎಂದು ಮೈಸೂರಿನವರಿಗೆ ಏನು ಗೊತ್ತು? ಆತ ಕಾರ್ಡ್ ನೋಡುತ್ತಾನೆ, ರ ಎಂದು ಓದುತ್ತಾನೆ, ನನ್ನ ಹೆಸರು ಕೇಳುತ್ತಾನೆ. ಅಷ್ಟೇ.

ಡಾಕ್ಟರಿಗೆ ಹೇಳಿಲ್ಲ. ಆ ಕಾರ್ಡ್ ಹರಿಯುವ ಕೈಯೂ ನನ್ನದೇ ಆಗಲಿ. ನಾಳೆ ಎಂಟಕ್ಕೇ ಹೋಗಿ, ಚೀಟಿಯನ್ನು ಹಬೆಯಲ್ಲಿ ಬಿಡಿಸಿ ಹೊಸ ಕಾರ್ಡಿಗೆ ಅಂಟಿಸುತ್ತೇನೆ. ಸಹಿಯ ಜಾಗ ಖಾಲಿ ಬಿಡುತ್ತೇನೆ. ಡಾಕ್ಟರು ಬಂದು ತಮ್ಮದನ್ನು ಎಳೆಯಲಿ. ಆ ಕ್ಲಿನಿಕ್ಕಿನಲ್ಲಿ ನಿಜವಾಗಿದ್ದ ಒಂದೇ ಒಂದು ಅಕ್ಷರವನ್ನು ನಾನೇ ಒಲೆಗೆ ಹಾಕುತ್ತೇನೆ. ಬೇಬಿಗಾಗಿ. ನೀನು ಉಗಿಯುತ್ತೀಯೋ, ಅಪ್ಪಿಕೊಳ್ಳುತ್ತೀಯೋ, ಗೊತ್ತಿಲ್ಲ.

ಕಾಲು ನೋಡಿಕೋ. ಸಂಘದ ಹೊಸ ಹುಡುಗಿಯರಿಗೆ ನನ್ನ ಪ್ರೀತಿ ಹೇಳು, ಅವರ ದನಿ ಗಟ್ಟಿಯಾಗಿರಲಿ. ನಿನ್ನ ಮನೆಯ ದೀಪ ತಣ್ಣಗೆ ಉರಿಯಲಿ.

ನಿನ್ನ
ರತ್ನಿ

ಮತ್ತೆ: ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಬೇಬಿಗಾಗಿ ಎಂದು ಬರೆದೆನಲ್ಲ, ಅದು ಅರ್ಧ. ಸೂಜಿ ಒಳಗಿದ್ದಾಗ ಅವಳು "ಅಕ್ಕಾ, ಎರಿಯುದು" ಎಂದಳು, ಉರಿಯುತ್ತಿದೆ ಎಂದು. ಮೂಗಿನ ಪಕ್ಕದ ಚರ್ಮ ನನ್ನ ಬೆರಳ ಕೆಳಗೇ ಸುಣ್ಣದ ಹಾಗೆ ಬಿಳಿಚಿತು. ಹಾಗಾದರೆ ಅಲ್ಲಿಗೇ ನಿಲ್ಲಿಸಬೇಕು ಎಂದು ನನಗೆ ಕಲಿಸಿದ್ದರು. ಹೊರಗೆ ಇನ್ನೂ ನಾಲ್ಕು ಜನ ಕೂತಿದ್ದರು. "ತಡಕೋ" ಎಂದೆ. ಹೌದು, ಅದೇ ಮಾತು, ಕನ್ನಡದಲ್ಲೇ ಬಂತು. ಪೂರ್ತಿ ತಳ್ಳಿದೆ. ಕಾರ್ಡಿನಲ್ಲಿ ಉರಿ, ನೋವು ಎಂಬುದರ ಮುಂದೆ ಇಲ್ಲ ಎಂದು ಬರೆದು, ಅದರ ಕೆಳಗೆ ನನ್ನ ಹೆಮ್ಮೆಯ ರ ಹಾಕಿದೆ. ನಾಳೆ ಸೂಜಿ ಡಾಕ್ಟರದ್ದಾದರೆ ಈ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳುವುದಿಲ್ಲ.

ಬೇಬಿ ಯಾರಿಗೂ ಹೇಳಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತಪ್ಪು ತನ್ನದೇ ಅಂದಳು, ತಾನು ಇನ್ನೂ ಜೋರಾಗಿ ಹೇಳಬೇಕಿತ್ತಂತೆ.