ಕೆಂಪು ಮಫ್ಲರಿನ ಎರಡು ತುಂಡು

ಭಾನುವಾರ, ಡಿಸೆಂಬರ್ ೮

ಪ್ರೀತಿಯ ಮಗಳೇ,

ನಾನು ಕ್ಷೇಮ ಎಂದು ಬರೆದರೆ ನೀನು ನಂಬುವವಳಲ್ಲ. ಮೊಣಕಾಲು ಬಿಟ್ಟು ಉಳಿದದ್ದೆಲ್ಲ ಕ್ಷೇಮ.

ನೀನು ಕಳಿಸಿದ ಪೊಟ್ಟಣ ಮಂಗಳವಾರ ಕೈಸೇರಿತು. ಕೆಂಪು ಮಫ್ಲರಿನ ಎರಡು ತುಂಡೂ ಇವೆ, ನುಸಿಗುಳಿಗೆಯ ವಾಸನೆ ಸಮೇತ. ಹೋದ ಸಲ ಬಂದಾಗ ನೀನು ಅಟ್ಟದ ಪೆಟ್ಟಿಗೆಯಿಂದ ಇದನ್ನು ಹೊತ್ತುಕೊಂಡು ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ, ಕಳ್ಳಿ! ಜೊತೆಗಿದ್ದ ಚೀಟಿಯನ್ನೂ ಓದಿದೆ. ಅಜ್ಜಿ ಕತ್ತರಿಸಿದ್ದನ್ನು ನಾನು ಜೋಡಿಸಿಕೊಡಬೇಕು, ನಾಲ್ಕು ವರ್ಷದವಳಿದ್ದಾಗ ನೀನು ಹಾಕಿಕೊಂಡದ್ದನ್ನು ಈಗ ನಾಲ್ಕು ತುಂಬಿದ ಗುಂಡ ಹಾಕಿಕೊಂಡು ಶಾಲೆಗೆ ಹೋಗಬೇಕು, ಹದಿನಾರನೇ ತಾರೀಕಿಗೆ ಮೊದಲು ಕಳಿಸಬೇಕು ಎಂದು ಬರೆದಿದ್ದೀಯ.

ನಾನು ಜೋಡಿಸಿಲ್ಲ. ಎರಡನ್ನೂ ಬಿಚ್ಚಿಹಾಕಿದೆ. ಪೂರ್ತಿ ಓದುವ ತನಕ ಫೋನ್ ಮಾಡಬೇಡ. ನೀನು ಬೈಯಲು ಶುರು ಹಚ್ಚಿಕೊಂಡರೆ ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ನನ್ನ ಕೆಲಸ ನಿನಗೆ ಗೊತ್ತಿದ್ದದ್ದೇ. ನಮ್ಮ ಕೋಣೆಯಲ್ಲಿ ಒಂಬತ್ತು ಹೆಂಗಸರು ಎಳೆಮಕ್ಕಳಿಗೆ ಟೋಪಿ, ಕೈಗವಸು, ಸ್ವೆಟರ್ ಹೆಣೆಯುತ್ತಾರೆ. ಹೊರಗೆ ಹೋಗುವ ಮೊದಲು ಪ್ರತಿಯೊಂದೂ ನನ್ನ ಕೈ ದಾಟಬೇಕು. ಗುಂಡಿ ಇದ್ದರೆ ಜಗ್ಗಿ ನೋಡುತ್ತೇನೆ, ಕಿತ್ತು ಬರುವಂಥದ್ದು ಮಗುವಿನ ಬಾಯಿಗೇ ಹೋಗುವುದು. ಕೈಗವಸನ್ನು ಮಗುಚಿ, ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುವಂಥ ಸಡಿಲ ಎಳೆ ಇದೆಯೇ ಎಂದು ಹುಡುಕುತ್ತೇನೆ. ಟೋಪಿಗೆ ಲಾಡಿ ಕಂಡರೆ ಅಲ್ಲೇ ಕತ್ತರಿ. ಅವರು ನನ್ನನ್ನು ಜಗ್ಗಮ್ಮ ಎಂದು ಕರೆಯುತ್ತಾರೆ, ಮುಖದ ಮುಂದೆಯೇ.

ಅವರಿಗೆ ಇನ್ನೊಂದು ತಮಾಷೆಯೂ ಸಿಕ್ಕಿದೆ. ನಾನೇ ಕಡ್ಡಿ ಹಿಡಿದು ಕೂತಾಗ ಹೊರಗೆ ಏನಾದರೂ ಸಪ್ಪಳವಾದರೆ ಸಾಲಿನ ನಡುವೆಯೇ ಬಿಟ್ಟು ಎದ್ದುಬಿಡುತ್ತೇನೆ. ಕಡ್ಡಿಯಿಂದ ಕುಣಿಕೆಗಳು ಜಾರಿ ಅರ್ಧ ದಿನದ ಕೆಲಸ ಹಾಳು. ಹೆಣೆಯುವವರು ಯಾರೂ ಹಾಗೆ ಏಳುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಹಿಡಿದ ಸಾಲು ಮುಗಿಸಿಯೇ ಏಳುವುದು ನಮ್ಮವರ ಚಾಳಿ. ನಿಮ್ ಕಾಲಿಗೇನು ಸ್ಪ್ರಿಂಗ್ ಇದೆಯೇನ್ರೀ ಜಗ್ಗಮ್ಮ ಅಂತ ಮೊನ್ನೆ ಮೇಲ್ವಿಚಾರಕಿಯೂ ಕೇಳಿದಳು. ನಾನು ನಕ್ಕು, ಜಾರಿದ ಕುಣಿಕೆಗಳನ್ನು ಮತ್ತೆ ಕಡ್ಡಿಗೇರಿಸಿದೆ.

ಈಗ ಆ ದಿನದ ವಿಷಯ. ನಿನಗೆ ನೆನಪಿರುವುದು ಇಷ್ಟೇ: ನೀನು ಅಳುತ್ತಿದ್ದೆ, ಅಜ್ಜಿಯ ಕೈಯಲ್ಲಿ ದೊಡ್ಡ ಕತ್ತರಿ ಇತ್ತು, ಮಫ್ಲರ್ ಎರಡು ತುಂಡಾಗಿತ್ತು. ಸೊಸೆ ಹೆಣೆದದ್ದು ಅನ್ನುವ ಹೊಟ್ಟೆಕಿಚ್ಚಿಗೆ ಕತ್ತರಿಸಿದಳು ಎಂದು ಹತ್ತು ವರ್ಷದವಳಿದ್ದಾಗ ನೀನೇ ತೀರ್ಮಾನ ಮಾಡಿದೆ. ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ನಡೆದದ್ದೇ ಬೇರೆ. ಆ ಮಫ್ಲರನ್ನು ನಾನು ನಿನಗಿಂತ ಉದ್ದ ಹೆಣೆದಿದ್ದೆ. ಚೆಂದ ಕಾಣಲಿ ಅಂತ ತುದಿಗೆ ಕುಚ್ಚು ಬೇರೆ. ಚಳಿ ತಾಗದಿರಲಿ ಎಂದು ಕತ್ತಿಗೆ ಎರಡು ಸುತ್ತು ಸುತ್ತಿ, ಹಿಂದೆ ಗಂಟು ಹಾಕಿ ಹಿತ್ತಲಿಗೆ ಬಿಟ್ಟೆ. ಅಲ್ಲಿ ಆಗ ನಾವಿದ್ದ ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಸೇರಿ ಒಂದು ಕಬ್ಬಿಣದ ಜಾರುಬಂಡೆ ಇತ್ತು. ಮೇಲಿನ ಕಂಬಿಯ ಬೆಸುಗೆ ಬಿಟ್ಟಿತ್ತು. ನೀನು ಜಾರಿದೆ, ಕುಚ್ಚು ಆ ಸಂದಿಯಲ್ಲಿ ಸಿಕ್ಕಿಕೊಂಡಿತು. ನೀನು ನಡುದಾರಿಯಲ್ಲಿ ಕತ್ತಿನಿಂದ ತೂಗಿಬಿಟ್ಟೆ.

ಅಜ್ಜಿ ಪಡಸಾಲೆಯಲ್ಲಿ ಪರದೆ ಬಟ್ಟೆ ಕತ್ತರಿಸುತ್ತಿದ್ದವರು ಕತ್ತರಿ ಹಿಡಿದೇ ಓಡಿದರು, ಬರಿಗಾಲಲ್ಲಿ. ಒಂದು ಕೈಯಲ್ಲಿ ನಿನ್ನನ್ನು ಎತ್ತಿಹಿಡಿದು ಇನ್ನೊಂದರಲ್ಲಿ ಕತ್ತರಿಸಿದರು. ನಾನು ಅಲ್ಲಿಗೆ ಬರುವಷ್ಟರಲ್ಲಿ ನೀನು ಅವರ ಮಡಿಲಲ್ಲಿ ಕೆಮ್ಮುತ್ತಿದ್ದೆ. ತುಟಿ ನೀಲಿಗಟ್ಟಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಅಂದು ಸಂಜೆ ಅಜ್ಜಿ ನನಗೆ ಹೇಳಿದ್ದು, ಮಗೂಗೆ ಏನೂ ಹೇಳೋಕೆ ಹೋಗ್ಬೇಡ, ಹೆದರ್ಕೊಂಡು ಆಟಾನೇ ಬಿಟ್ಬಿಡುತ್ತೆ, ಕೇಳಿದ್ರೆ ಅಜ್ಜಿ ಕತ್ತರಿಸಿದ್ಲು ಅನ್ನು ಸಾಕು, ಅಂತ. ಆ ಮಾತು ನನಗೆ ಅನುಕೂಲವಾಯಿತು. ಮೂವತ್ತೊಂದು ವರ್ಷ ಅದರ ಹಿಂದೆ ಅಡಗಿಕೊಂಡೆ. ನೀನು ಅವರ ಕೈಯಿಂದ ಒಂದು ಲೋಟ ನೀರನ್ನೂ ಇಸಿದುಕೊಳ್ಳುತ್ತಿರಲಿಲ್ಲ. ಹೋದ ಸಲ ಗುಂಡ ತಾನಾಗಿಯೇ ಅವರ ತೊಡೆ ಏರಿ ಕೂತಾಗ ನೀನು ಅವನನ್ನು ಎತ್ತಿಕೊಂಡು ಹೊರಗೆ ಬಂದೆ. ಆಗಲೂ ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನನಗೆ ನಾಚಿಕೆಯಾಗುತ್ತದೆ ಮಗಳೇ.

ಈ ಕಾಗದದ ಜೊತೆ ಒಂದು ಕತ್ತಿನ ಪಟ್ಟಿಯೂ ಒಂದು ಜೊತೆ ಕೈಗವಸೂ ಇವೆ. ಬಿಚ್ಚಿದ ಉಣ್ಣೆ ಸುರುಳಿಗಟ್ಟಿತ್ತು. ಬೆಚ್ಚನೆ ನೀರಿನಲ್ಲಿ ನೆನೆಸಿ, ಭಾರ ಕಟ್ಟಿ ಒಣಗಹಾಕಿದ ಮೇಲೆ ನೆಟ್ಟಗಾಯಿತು. ಪಟ್ಟಿಯನ್ನು ತಲೆಯ ಮೇಲಿಂದ ಇಳಿಸಬೇಕು. ಬಳೆಯ ಹಾಗೆ ಸುತ್ತಲೂ ಒಂದೇ, ತುದಿಯೇ ಇಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಹಿಗ್ಗಿ ತಲೆಯಿಂದ ಕಳಚಿಕೊಳ್ಳುತ್ತದೆ. ನನ್ನ ತಲೆಗೇ ಹಾಕಿ ನಾಲ್ಕು ಸಲ ಜಗ್ಗಿ ನೋಡಿದೆ, ಕೋಣೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಕೈಗವಸುಗಳನ್ನು ದಾರದಿಂದ ಜೋಡಿಸಿಲ್ಲ. ಕಳೆದುಕೊಂಡರೆ ಕಳೆದುಕೊಳ್ಳಲಿ, ಇನ್ನೊಂದು ಜೊತೆ ಹೆಣೆದರಾಯಿತು. ಮಲಗಿಸುವಾಗ ಎಲ್ಲವನ್ನೂ ತೆಗೆದಿಡು.

ಅಂಚಿನಲ್ಲಿ ಬೂದು ಬಣ್ಣ ಯಾಕೆ ಎಂದು ಕೇಳುತ್ತೀಯ. ಹಳೆಯ ಉಣ್ಣೆ ಅಲ್ಲಲ್ಲಿ ಸವೆದಿತ್ತು, ಕೆಂಪು ಸಾಲಲಿಲ್ಲ. ಚಿಕ್ಕಪ್ಪನ ಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ. ಅವರು ತಮ್ಮ ಬೂದು ಸ್ವೆಟರನ್ನೇ ಬಿಚ್ಚಲು ಕೊಟ್ಟರು. ನಂದು ಅಂತ ಗೊತ್ತಾದ್ರೆ ಬಿಸಾಕ್ತಾಳೆ ಕಣೇ, ಹೇಳ್ಬೇಡ ಅಂದರು. ಈ ಸಲ ಅವರ ಮಾತು ಕೇಳಲಿಲ್ಲ, ಹೇಳಿಬಿಟ್ಟೆ.

ಅವರಿಗೆ ಎಂಬತ್ತೆಂಟು. ಕಣ್ಣು ಮಂಜು, ಕಿವಿ ಮಾತ್ರ ಇನ್ನೂ ಚುರುಕು. ಫೋನ್ ಮಾಡುವುದಿದ್ದರೆ ಮೊದಲು ಅಲ್ಲಿಗೆ ಮಾಡು. ನನ್ನನ್ನು ಆಮೇಲೆ ಬೈದರಾಯಿತು, ನಾನೆಲ್ಲಿಗೆ ಓಡಿಹೋಗುತ್ತೇನೆ.

ಇಂತಿ,
ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಆಗ ನಾನು ಎಲ್ಲಿದ್ದೆ ಎಂದು ಮೇಲೆ ಬರೆಯಲಿಲ್ಲ. ಒಲೆಯ ಮುಂದಿದ್ದೆ, ಏನೂ ಕೇಳಿಸಲಿಲ್ಲ ಎಂದು ನಿಮ್ಮಪ್ಪನಿಗೆ ಹೇಳಿದ್ದೆ. ನಾನು ಹಿತ್ತಲ ಕಡೆಯ ಕಿಟಕಿಯಲ್ಲಿ ಕೂತು ಆ ಮಫ್ಲರಿಗೆ ಒಪ್ಪುವ ಟೋಪಿ ಹೆಣೆಯುತ್ತಿದ್ದೆ. ಅಜ್ಜಿ ಓಡುವಾಗ ನನ್ನನ್ನು ನೋಡಿದರು, ಇವತ್ತಿನವರೆಗೂ ಯಾರ ಹತ್ತಿರವೂ ಆಡಿಲ್ಲ. ನೀನು ಅಮ್ಮಾ ಎಂದು ಕೂಗಿದ್ದು ನನಗೆ ಕೇಳಿಸಿತ್ತು, ಒಂದೇ ಸಲ, ಅರ್ಧಕ್ಕೆ ನಿಂತಂತೆ. ಸಾಲಿನಲ್ಲಿ ಹನ್ನೊಂದು ಕುಣಿಕೆ ಉಳಿದಿತ್ತು. ಮುಗಿಸಿ ಎದ್ದೆ.