ತಾಂಬೂಲಕ್ಕೆ ಹೋದ ನಮ್ಮಂಗಳದ ಬಿಸಿಲು

ಪುರಸಭೆಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನಮ್ಮಂಗಳಕ್ಕೆ ಬರುತ್ತಿದ್ದ ಬೆಳಗಿನ ಬಿಸಿಲು ಈ ಬೇಸಿಗೆಯಿಂದ ಬರುತ್ತಿಲ್ಲ. ಕದ್ದವರು ಯಾರೆಂದು ಹುಡುಕುವ ಶ್ರಮ ತಮಗೆ ಬೇಡ. ಮೂಡಲ ಮಗ್ಗುಲಿನ ನೆರೆಯವರಾದ ಅನಂತಮೂರ್ತಿಯವರು ಹಳೆಯ ಮನೆಗೆ ಸೇರಿಸಿ ಎಬ್ಬಿಸಿದ ಮಾಳಿಗೆ ಬಸ್ ಸ್ಟ್ಯಾಂಡಿನಿಂದಲೇ ಕಾಣುತ್ತದೆ. ಕಾಣದಿರುವುದು ತಮ್ಮ ಕಚೇರಿಗೆ ಮಾತ್ರ. ಗಡಿಯಲ್ಲಿ ಬಿಡಬೇಕಾದ ಜಾಗ ಬಿಡದೆ ನಮ್ಮ ಬೇಲಿಗೇ ಗೋಡೆ ತಾಗಿಸಿದ್ದಾರೆ.

ಬಿಸಿಲಿಗೆ ಇಷ್ಟೊಂದು ರಂಪವೇ ಎನ್ನಬಹುದು. ಹೇರೂರಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನಮ್ಮಕ್ಕ ಸೀತಮ್ಮ ಹಲಸಿನ ಹಪ್ಪಳ ಮಾರಿ ಬದುಕುವವಳು. ತಮ್ಮನೆದುರೂ ಕೈಯೊಡ್ಡಲಾರೆನೆಂಬ ಹಟದ ಹೆಂಗಸು. ಹಲಸು ಬಲಿತ ಮೇಲೆ, ಮಳೆ ಹಿಡಿಯುವ ಮೊದಲು ಸಿಗುವ ಬಿಸಿಲೇ ಅವಳ ವರ್ಷದ ಅನ್ನ. ಈಗ ಬೆಳಿಗ್ಗೆ ನೆರೆಯವರ ಗೋಡೆಯ ನೆರಳು, ಮಧ್ಯಾಹ್ನ ತಿರುಗಿದರೆ ನಮ್ಮದೇ ಮಾಡಿನ ನೆರಳು. ಮೊನ್ನೆ ಬೂಷ್ಟು ಹಿಡಿದ ಹಪ್ಪಳ ತೆಗೆದು ಚಾಪೆ ಸುತ್ತುತ್ತ, “ತಮಾ, ಹಪ್ಪಳಕ್ಕೆ ಬೂಸಲು ಬಂಜು. ಆನು ಎಂತ ಮಾಡವು?” ಎಂದಳು. ಗಂಡ ಸತ್ತಾಗಲೂ ನನ್ನೆದುರು ಅಳದವಳು ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆ ಸಿಟ್ಟಿನಲ್ಲೇ ತಮ್ಮ ಬಳಿ ಬಂದೆ. ಗೋಡೆ ಅಳೆಸುತ್ತೀರೆಂದುಕೊಂಡಿದ್ದೆ. ತಾವು ಅಳೆದದ್ದು ನನ್ನನ್ನು. “ಪಾಯಾದ ಪೂಜಿಗೆ ನೀವೂ ಹೋಗಿದ್ರಂತಲ್ರೀ. ಉಂಡು ಎಲಿ ಅಡಿಕಿ ತಗೊಂಡ್ರೋ ಇಲ್ಲೋ?” ಎಂದಿರಿ. ತಗೊಂಡೆ ಎಂದೆ. “ಮತ್ತ ತಕರಾರು ಎಲ್ಲೈತ್ರಿ? ಒಪ್ಪಿಗಿ ಕೊಟ್ಟಂಗ ಆತಲ್ಲ!” ಎಂದು ಗಡಿಯಾರ ನೋಡಿದಿರಿ.

ಸ್ವಾಮಿ, “ಸಣ್ಣದೊಂದು ಕೋಣೆಗೆ ಪಾಯ ಹಾಕ್ತ್ಯ, ಎಲ್ಲ ಊಟಕ್ಕೆ ಬರವು” ಎಂದು ನೆರೆಯವರು ಬಾಗಿಲಿಗೆ ಬಂದು ಕರೆದಾಗ, ಮೊದಲು ನಕ್ಷೆ ತೋರಿಸಿ ಎನ್ನುವ ಪದ್ಧತಿ ಯಾವ ಸೀಮೆಯಲ್ಲಿದೆ? ಹೋಗದಿದ್ದರೆ ಜಗಳಗಂಟ, ಹೋದರೆ ಒಪ್ಪಿಗೆ ಕೊಟ್ಟವನು! ಹೋಳಿಗೆಯ ಅಡಿಯಲ್ಲಿ ಕರಾರುಪತ್ರ ಬಡಿಸಿದ್ದಾರೆಂದು ನನಗೇನು ಗೊತ್ತು? ತಮ್ಮ ಈ ಕಾಯಿದೆಯಂತೆ ನಡೆದರೆ ಒಂದು ಲಗ್ನದ ಹಂಗಾಮಿನಲ್ಲಿ ಪೇಟೆಯ ಅರ್ಧ ಮನೆಗಳು ಕೈ ಬದಲಾಗಬೇಕು. ಅನಂತಮೂರ್ತಿಯವರ ಹೆಂಡತಿ ಸುಬ್ಬಲಕ್ಷ್ಮಿ ಇಂದಿಗೂ ಅಕ್ಕನ ಜೊತೆ ಹಪ್ಪಳ ಒತ್ತಲು ಬರುತ್ತಾರೆ. ಒತ್ತಿದ್ದನ್ನು ಹರವುವ ಹೊತ್ತಿಗೆ ಆಕೆಯೂ ತಲೆ ತಗ್ಗಿಸುತ್ತಾರೆ.

ಆದ್ದರಿಂದ ಗೋಡೆಯನ್ನು ಅಳೆಸಿ, ಗಡಿ ಮೀರಿದ್ದನ್ನು ಹಲಸಿನ ಕಾಲ ಮುಗಿಯುವ ಮೊದಲೇ ಕೆಡವಿಸಬೇಕು. ಬರುವ ವಾರ ಆ ಮಾಳಿಗೆಯ ಪ್ರವೇಶ, ತಾವೂ ಊಟಕ್ಕೆ ಬರುತ್ತೀರಂತೆ. ನನಗೂ ಕರೆಯಿದೆ, ಖಂಡಿತ ಬರುತ್ತೇನೆ. ಉಂಡು ಕೈ ತೊಳೆದಾಗ, ನೆರೆಮನೆಯವನ ಸಲಿಗೆಯಿಂದ ತಮಗೆ ತಾಂಬೂಲ ಕೊಡುವವನು ನಾನೇ. ಪಂಕ್ತಿಯ ಜನರೆದುರು ತಾವದನ್ನು ತೆಗೆದುಕೊಂಡರೆ, ಗೋಡೆ ಕೆಡವಲು ಒಪ್ಪಿದಂತೆ.

ಇಂತಿ,
ಉಂಡ ತಪ್ಪಿಗೆ ನೆರಳಲ್ಲಿ ಕೂತಿರುವ
ರಘುಪತಿ
ಮೇ ೧೯೬೧