ಮೂರನೇ ತಂತಿ

ಮಾರ್ಚ್ 3, ಸಂಜೆ
ಎಂದಿನಂತೆ ಟೈರ್ ಅಂಗಡಿ ಹಿಂದಿನ ಶೆಡ್ಡು. ಎಂದಿನಂತೆ ನಾನೇ ಮೊದಲು. ಎಲ್ಲರ ಗಿಟಾರ್ ಶ್ರುತಿ ಮಾಡಿಟ್ಟೆ. ಅಣ್ಣ ಹಾಡುವುದರಲ್ಲಿ ಗಟ್ಟಿ, ತಂತಿ ಬಿಗಿಯುವುದರಲ್ಲಿ ಕಿವುಡ. ಟ್ಯೂನರ್ ಕಳೆದು ವರ್ಷವಾಯಿತು, ಹೊಸದು ತಂದಿಲ್ಲ. "ನಿನ್ನ ಕಿವಿ ಇದೆಯಲ್ಲೇ" ಅನ್ನುತ್ತಾನೆ.
ಇವತ್ತು ಅಣ್ಣನ ಜೊತೆಗೊಬ್ಬ ಬಂದಿದ್ದ. ತಲೆಗೆ ಹ್ಯಾಟು, ತೊಡೆ ಮೇಲೆ ಸ್ಟೀಲ್ ಗಿಟಾರ್. ಹ್ಯಾಟಪ್ಪ ಅಂತ ಹೆಸರಿಟ್ಟೆ. ಇನ್ನು ಮುಂದೆ ನಮ್ಮ ಬ್ಯಾಂಡಿನದು ಅಬ್ಬರ ಬಿಟ್ಟು ಮೆಲುದನಿಯ ಕಂಟ್ರಿ ರಾಕ್ ಅಂತೆ. ಡ್ರಮ್ಮರ್ ಗುಡುಗನ ಕೈಗೆ ಕೋಲಿನ ಬದಲು ಬ್ರಷ್ಷು ಕೊಟ್ಟರು. "ಏನಣ್ಣಾ, ಗೋಡೆಗೆ ಸುಣ್ಣ ಹೊಡೀಲಾ?" ಅಂದ. ನಕ್ಕವಳು ನಾನೊಬ್ಬಳೇ.

ಮಾರ್ಚ್ 5
ಅಣ್ಣ ಹೇಳಿಯೇಬಿಟ್ಟ. "ನಿನ್ನ ಎಲೆಕ್ಟ್ರಿಕ್ ಗಿಟಾರಿನ ಗರಗರ ಡಿಸ್ಟಾರ್ಶನ್ ಇದಕ್ಕೆ ಹೊಂದಲ್ಲ ಕಣೇ. ಹತ್ತೊಂಬತ್ತರ ಶೋಗೆ ಟ್ಯೂನಿಂಗ್ ನೋಡ್ಕೋ, ಸಾಕು."
"ಸ್ಟೇಜ್ ಮೇಲೆ?"
"ಪಕ್ಕದಲ್ಲಿರು."
ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟದ್ದು ಪಕ್ಕದಲ್ಲಿ ನಿಲ್ಲುವುದಕ್ಕಲ್ಲ. ಅವತ್ತು ಅಮ್ಮನ ಮುಂದೆ "ಇವಳಿಲ್ಲದೆ ಬ್ಯಾಂಡೇ ಇಲ್ಲ" ಅಂದವನು ಇವನೇ. ಸುಮ್ಮನೆ ಬಿಡುವವಳಲ್ಲ ನಾನು.

ಮಾರ್ಚ್ 11
ನನ್ನ ಹಾಡನ್ನೂ ಬದಲಾಯಿಸಿದ. ಶಾಲೆಯ ಗೇಟು ದಾಟಿ ಬಂದ ದಿನ ಬರೆದದ್ದು. ಕಿರುಚಬೇಕಾದ ಹಾಡು. ಈಗ ಅವನೊಬ್ಬನೇ ಅಕೌಸ್ಟಿಕ್ ಗಿಟಾರ್ ಹಿಡಿದು ನಿಧಾನಕ್ಕೆ ಶುರು ಮಾಡುತ್ತಾನೆ. ಆಮೇಲೆ ಹ್ಯಾಟಪ್ಪ ಸ್ಟೀಲ್ ಗಿಟಾರಿನಲ್ಲಿ ಸ್ವರ ಎಳೆಯುತ್ತಾನೆ... ಎಳೆಯುತ್ತಲೇ ಇರುತ್ತಾನೆ.
ಸುಳ್ಳು ಬರೆಯುವುದಿಲ್ಲ — ಚೆನ್ನಾಗಿದೆ. ಹೊಟ್ಟೆ ಉರಿಯುವುದೇ ಅದಕ್ಕೆ.
ಅಣ್ಣ ಮನೆಯಲ್ಲಿ ಹಾಡುವಾಗ ಅಮ್ಮ ಹೊಲಿಗೆ ಮಷಿನ್ ನಿಲ್ಲಿಸಿದಳು. "ಇಷ್ಟು ದಿನ ಬರೀ ಗಲಾಟೆ. ಈಗ ಮಾತು ಕೇಳಿಸ್ತು ಕಣೇ. ಇದನ್ನ ನೀನಾ ಬರೆದಿದ್ದು?" ಸೆರಗಲ್ಲಿ ಕಣ್ಣೊರೆಸಿಕೊಂಡಳು.
ಮಾತು ನನ್ನದು. ಅಮ್ಮನನ್ನು ಅಳಿಸಿದ ಹೆಸರು ಅವನಿಗೆ.

ಮಾರ್ಚ್ 12
ಉಪಾಯ ಸಿಕ್ಕಿತು. ಅಣ್ಣನ ಗಿಟಾರಿನ ಮೂರನೇ ತಂತಿ. ಕಾಲು ಸುತ್ತು ಸಡಿಲ ಮಾಡಿದರೆ ಸಾಕು, ಮೊದಲ ಮೀಟಿಗೇ ಮಾನ ಮೂರಾಬಟ್ಟೆ.
ಒಂದೇ ತೊಡಕು. ಸ್ಟೇಜ್ ಹತ್ತುವ ಮುಂಚೆ ಪ್ರತಿ ಸಲ ಕೇಳುತ್ತಾನೆ, "ಸರಿ ಇದ್ಯಾ?" ನನಗೆ ಸುಳ್ಳು ಬರುವುದಿಲ್ಲ.

ಮಾರ್ಚ್ 19, ಸಂಜೆ 6.10
ಪರದೆಯ ಹಿಂದೆ. ಸಡಿಲಿಸಿ ಆಯಿತು. ಬೇಡ ಅಂದರೂ ನನ್ನ ಎಲೆಕ್ಟ್ರಿಕ್ ತಂದಿದ್ದೇನೆ. ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿಯೂ ಇಟ್ಟಿದ್ದೇನೆ. ಯಾಕೋ.

6.25
ಕೇಳಿದ. "ಸರಿ ಇದ್ಯಾ?"
"ಇಲ್ಲ. ಬೇಕಂತಲೇ ಕೆಡಿಸಿದೀನಿ."
ನಕ್ಕುಬಿಟ್ಟ. "ನಿನ್ನ ತಲೆಹರಟೆಗೆ ಇದೇ ಟೈಮಾ?" ತಲೆಗೊಂದು ಮೊಟಕಿ ಹತ್ತಿಹೋದ.
ಹೇಳಿದ್ದು ನಿಜ. ನಂಬದಿದ್ದರೆ ಅವನ ಕರ್ಮ.

6.31
ಮೀಟಿದ. ಅಪಸ್ವರ. ಜನ ನಕ್ಕ ಮೇಲೇ ಅವನಿಗೆ ಗೊತ್ತಾದದ್ದು. ಹ್ಯಾಟಪ್ಪ ಹ್ಯಾಟು ತೆಗೆದು ತಲೆ ಕೆರೆದುಕೊಂಡ. ಆಹಾ, ಹೊಟ್ಟೆ ತಣ್ಣಗಾಯಿತು.
ಮುಂದಿನ ಸಾಲಿನಲ್ಲಿ ಅಮ್ಮ. ಅವಳು ನಗುತ್ತಿಲ್ಲ. ಹಾಡಿಗೆ ಕಾಯುತ್ತಿದ್ದಾಳೆ.
ಅಣ್ಣ ಈ ಕಡೆ ತಿರುಗಿದ. ಕಿವಿ ಕೆಂಪಗಾಗಿದೆ. ಬೈಯಲಿಲ್ಲ. ಗಿಟಾರ್ ಚಾಚಿದ. "ಸರಿ ಮಾಡ್ಕೊಡೇ."
ಬರಲ್ಲ ಹೋಗು.
ಬರಲ್ಲ ಅಂತ ಬರೆದದ್ದು ಸುಳ್ಳು. ಬರ್ತೀನಿ — ಅವನ ತಂತಿ ಬಿಗಿಯುವುದಕ್ಕಲ್ಲ. ನನ್ನದು ಹೆಗಲಿಗೇರಿದೆ. ವಾಲ್ಯೂಮ್ ಪೂರ್ತಿ ಏರಿಸಿ, ಆದರೂ ಅಮ್ಮನಿಗೆ ಒಂದೊಂದು ಮಾತೂ ಕೇಳುವ ಹಾಗೆ ಇವತ್ತು ನಾನೇ ಹಾಡ್ತೀ—